ಹಿಮ ಬಿದ್ದ ರಾತ್ರಿ ಎಷ್ಟು ಕುರ್ಚಿ ಖಾಲಿ?

1987ರ ಜನವರಿ 22ರಂದು ಅಮೆರಿಕದ ನ್ಯೂಜೆರ್ಸಿಯಲ್ಲಿ ಒಂದು ಅಡಿಗೂ ಮಿಕ್ಕಿ ಹಿಮ ಬಿತ್ತು. ಅಂದು ಸಂಜೆ ಈಸ್ಟ್ ರುದರ್‌ಫರ್ಡ್‌ನ ಬ್ರೆಂಡನ್ ಬರ್ನ್ ಅರೀನಾದಲ್ಲಿ ನ್ಯೂಜೆರ್ಸಿ ಡೆವಿಲ್ಸ್ ತಂಡಕ್ಕೂ ಕ್ಯಾಲ್ಗರಿ ಫ್ಲೇಮ್ಸ್ ತಂಡಕ್ಕೂ ಐಸ್ ಹಾಕಿ ಪಂದ್ಯ ನಿಗದಿಯಾಗಿತ್ತು. ತವರು ತಂಡದ ಆಟಗಾರರೇ ಹೆದ್ದಾರಿಗಳಲ್ಲಿ ಸಿಕ್ಕಿಹಾಕಿಕೊಂಡಿದ್ದರಿಂದ ಆಟ ಶುರುವಾಗುವುದು ಒಂದೂವರೆ ಗಂಟೆಗೂ ಹೆಚ್ಚು ತಡವಾಯಿತು. ಅಂತೂ ಆಟ ಆರಂಭವಾದಾಗ, ಸುಮಾರು 19 ಸಾವಿರ ಜನ ಹಿಡಿಸುವ ಆ ಕಟ್ಟಡದೊಳಗೆ ಬಂದಿದ್ದ ಪ್ರೇಕ್ಷಕರು ಬರೀ 334. ಡೆವಿಲ್ಸ್ 7–5ರಿಂದ ಗೆದ್ದಿತು. ಡಗ್ ಸಲಿಮನ್ ಮೂರು ಗೋಲು ಹೊಡೆದರು. ಆ ರಾತ್ರಿ ಬಂದವರಿಗೆ ‘334 ಕ್ಲಬ್’ ಎಂಬ ಹೆಸರೇ ನಿಂತುಬಿಟ್ಟಿತು. ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್‌ನ, ಅಂದರೆ ಎನ್‌ಎಚ್‌ಎಲ್‌ನ, ಆಧುನಿಕ ಚರಿತ್ರೆಯಲ್ಲಿ ಬಾಗಿಲು ತೆರೆದಿಟ್ಟು ಆಡಿದ ಪಂದ್ಯವೊಂದಕ್ಕೆ ಇಷ್ಟು ಕಡಿಮೆ ಜನ ಬಂದದ್ದು ಇನ್ನೊಂದಿಲ್ಲ ಎಂದು ಈಗಲೂ ಹೇಳುತ್ತಾರೆ.

ಚಳಿಗಾಲ ಕೆಟ್ಟರೆ ಹಾಕಿಗೆ ಜನ ಬರುವುದಿಲ್ಲ ಎನ್ನುವವರೆಲ್ಲ ಮೊದಲು ಎತ್ತಿ ತೋರಿಸುವುದು ಈ ಪಂದ್ಯವನ್ನೇ. ಆದರೆ ಅಂದು ಆ ಪಂದ್ಯಕ್ಕೆ ಮಾರಾಟವಾಗಿದ್ದ ಟಿಕೆಟ್‌ಗಳು ಸಾವಿರಾರು. ಹಣ ಕೊಟ್ಟವರಿಗೆ ಬರುವ ಆಸೆ ಇತ್ತು, ದಾರಿ ಇರಲಿಲ್ಲ. ಈ ವಿಷಯವಾಗಿ ಗೊತ್ತಿರುವುದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು: ಚಳಿ ಯಾರನ್ನೂ ಹಾಕಿಯಿಂದ ದೂರ ಇಡುವುದಿಲ್ಲ, ಮುಚ್ಚಿದ ರಸ್ತೆ, ನಿಂತ ರೈಲು, ಊರಾಚೆ ಕಟ್ಟಿದ ಕ್ರೀಡಾಂಗಣ ಇವು ಇಡುತ್ತವೆ. ಹವೆಯ ಮೇಲೆ ಹೊರಿಸುವ ತಪ್ಪಿನಲ್ಲಿ ಬಹುಪಾಲು ಕಟ್ಟಡ ಎಲ್ಲಿರಬೇಕೆಂದು ತೀರ್ಮಾನಿಸಿದವರದು.

ಕ್ರಿಕೆಟ್ ನೋಡಿ ಬೆಳೆದ ನಮಗೆ ಹವೆ ಎಂದರೆ ಆಟವನ್ನೇ ನಿಲ್ಲಿಸುವ ಮಳೆ. ಒಳಾಂಗಣದ ಐಸ್ ಹಾಕಿಯಲ್ಲಿ ಹಾಗಾಗುವುದಿಲ್ಲ. ಹೊರಗೆ ಎಂಥ ಬಿರುಗಾಳಿ ಬೀಸಿದರೂ ಒಳಗಿನ ಮಂಜುಗಡ್ಡೆಯ ಅಂಕಣಕ್ಕೆ ಅದರ ಸುಳಿವೂ ಇಲ್ಲ. ಆಟ ನಡೆಯುತ್ತದೆ, ನೋಡುವವರು ತಲುಪಬೇಕು ಅಷ್ಟೆ. ಅಕ್ಟೋಬರಿನಲ್ಲಿ ಶುರುವಾಗಿ ಏಪ್ರಿಲ್‌ವರೆಗೆ ಸಾಗುವ ಲೀಗ್ ಹಂತದಲ್ಲಿ ಪ್ರತಿ ತಂಡ ತವರಿನಲ್ಲಿ ಆಡುವ 40ಕ್ಕೂ ಹೆಚ್ಚು ಪಂದ್ಯಗಳಲ್ಲಿ ಅರ್ಧಕ್ಕರ್ಧ ಕಡು ಚಳಿಗಾಲದಲ್ಲೇ ಬೀಳುತ್ತವೆ. ದೂರದರ್ಶನದ ಹಣದಲ್ಲೇ ಬದುಕುವ ಅಮೆರಿಕನ್ ಫುಟ್‌ಬಾಲ್‌ಗೆ ಹೋಲಿಸಿದರೆ ಹಾಕಿ ಕ್ಲಬ್ಬುಗಳು ಗೇಟಿನ ಹಣವನ್ನು ಹೆಚ್ಚು ನೆಚ್ಚಿಕೊಂಡಿವೆ. ಹಾಗಾಗಿ ಯಾರು ಬಂದರು, ಯಾರು ಬರಲಿಲ್ಲ ಎಂಬುದು ಅವಕ್ಕೆ ಹೊಟ್ಟೆಪಾಡಿನ ಪ್ರಶ್ನೆ.

ಆದರೆ ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರೆ ಮೊದಲ ಹೆಜ್ಜೆಯಲ್ಲೇ ಕಾಲು ತೊಡರುತ್ತದೆ. ಪಂದ್ಯ ಮುಗಿದ ಮೇಲೆ ಪ್ರಕಟವಾಗುವ ಹಾಜರಿ ಸಂಖ್ಯೆ ಸಾಮಾನ್ಯವಾಗಿ ವಿಲೇವಾರಿಯಾದ ಟಿಕೆಟ್‌ಗಳ ಲೆಕ್ಕ, ಗೇಟು ದಾಟಿ ಬಂದ ತಲೆಗಳದ್ದಲ್ಲ. ಸೀಸನ್ ಟಿಕೆಟ್ ಕೊಂಡವನು ಹಿಮಕ್ಕೆ ಹೆದರಿ ಮನೆಯಲ್ಲೇ ಕುಳಿತರೂ ಪುಸ್ತಕದಲ್ಲಿ ಅವನು ಹಾಜರು. ಟಿವಿಯಲ್ಲಿ ಸಾಲುಸಾಲು ಕುರ್ಚಿಗಳು ಖಾಲಿ ಕಾಣುತ್ತಿರುವಾಗಲೇ ‘ಇಂದಿನ ಹಾಜರಿ 17 ಸಾವಿರ’ ಎಂದು ಘೋಷಣೆಯಾಗುವುದು ಹೀಗೆ. ಸಂಶೋಧಕರಿಗೆ ಸುಲಭವಾಗಿ ಸಿಗುವುದೂ ಇದೇ ಅಂಕಿ. ಎನ್‌ಎಚ್‌ಎಲ್ ಹಾಜರಿಯ ಬಗ್ಗೆ ಅರ್ಥಶಾಸ್ತ್ರಜ್ಞರು ಬರೆದದ್ದು ಕಡಿಮೆಯೇನಲ್ಲ. ರಾಡ್ನಿ ಪಾಲ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ಪಂದ್ಯದೊಳಗಿನ ಹೊಡೆದಾಟ, ಗೋಲುಗಳ ಸಂಖ್ಯೆ, ಅಕ್ಕಪಕ್ಕದ ಊರುಗಳ ಹಗೆತನ ಇವು ಜನರನ್ನು ಎಷ್ಟು ಸೆಳೆಯುತ್ತವೆ ಎಂದು ಪರಿಶೀಲಿಸಿತು. ಇಂಥ ಪ್ರಶ್ನೆಗಳಿಗೆ ಮಾರಾಟದ ಅಂಕಿ ಸಾಕು. ತಿಂಗಳುಗಟ್ಟಲೆ ಮೊದಲೇ ಮಾರಿಹೋದ ಟಿಕೆಟ್ಟಿನ ಮೇಲೆ ಆ ದಿನದ ಹಿಮ ಏನು ಮಾಡಿತು ಎಂದು ಅದೇ ಅಂಕಿಯನ್ನು ಕೇಳಿದರೆ ‘ಏನೂ ಮಾಡಲಿಲ್ಲ’ ಎಂಬ ಉತ್ತರವೇ ಬರುತ್ತದೆ. 334 ಎಂಬ ಸಂಖ್ಯೆ ಅಷ್ಟು ಬೆಲೆಬಾಳುವುದು ಅದಕ್ಕೇ. ಅದು ನಿಜವಾಗಿ ಬಂದವರ ಎಣಿಕೆ.

ಹಳೆಯ ಕಾಲದಲ್ಲಿ ಈ ಸಂಬಂಧ ತಲೆಕೆಳಗಾಗಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕೆನಡಾದ ರಿಂಕ್‌ಗಳಲ್ಲಿ ಸಹಜವಾಗಿ ಹೆಪ್ಪುಗಟ್ಟಿದ ನೀರಿನ ಮೇಲೇ ಆಟ. ಚಳಿ ಜೋರಾದಷ್ಟೂ ಆಟ ಚೆನ್ನ. ನಾಲ್ಕು ದಿನ ಬೆಚ್ಚಗಾದರೆ ಅಂಕಣ ಕೆಸರುಗದ್ದೆ. ಲೆಸ್ಟರ್ ಮತ್ತು ಫ್ರಾಂಕ್ ಪ್ಯಾಟ್ರಿಕ್ ಸಹೋದರರು 1911ರಲ್ಲಿ ಚಳಿಯೇ ಸಾಲದ ವ್ಯಾಂಕೂವರ್ ಮತ್ತು ವಿಕ್ಟೋರಿಯಾ ಊರುಗಳಲ್ಲಿ ಯಂತ್ರದಿಂದ ಹೆಪ್ಪುಗಟ್ಟಿಸುವ ಅಂಕಣಗಳನ್ನು ಕಟ್ಟಿದರು. ವ್ಯಾಂಕೂವರಿನ ಡೆನ್‌ಮನ್ ಅರೀನಾದಲ್ಲಿ 10 ಸಾವಿರ ಜನ ಕೂರಬಹುದಿತ್ತು. ಕೆನಡಾದಲ್ಲಿ ಆಟಕ್ಕೆ ಚಳಿಗಾಲದ ಹಂಗು ತಪ್ಪಿದ್ದು ಅಲ್ಲಿಂದ. ನೋಡುಗರಿಗೆ ಮಾತ್ರ ತಪ್ಪಲಿಲ್ಲ.

ಬರೀ ಚಳಿಯ ಮಾತು ಬಂದರೆ ವಿನಿಪೆಗ್ ಊರನ್ನು ನೋಡಬೇಕು. ಜನವರಿಯಲ್ಲಿ ಅಲ್ಲಿ ರಾತ್ರಿಯ ಉಷ್ಣಾಂಶ ಸರಾಸರಿ ಮೈನಸ್ 20 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಗಾಳಿ ಸೇರಿದರೆ ಮೈನಸ್ 40ರಷ್ಟು ಕೊರೆಯುವುದೂ ಉಂಟು. ಅಲ್ಲಿನ ಕಾರುಗಳ ಮುಂಭಾಗದಿಂದ ಒಂದು ವಿದ್ಯುತ್ ವೈರಿನ ತುದಿ ಹೊರಗೆ ಇಣುಕುತ್ತಿರುತ್ತದೆ. ಕಾರು ನಿಲ್ಲಿಸಿದವನು ಅದನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿ ಹೋಗುತ್ತಾನೆ. ಎಂಜಿನ್ ಬೆಚ್ಚಗಿರದಿದ್ದರೆ ಮರಳಿ ಬಂದಾಗ ಅದು ಜಪ್ಪಯ್ಯ ಎಂದರೂ ಹೊರಡುವುದಿಲ್ಲ. ಇಂಥ ಊರಿಗೆ 2011ರಲ್ಲಿ ಎನ್‌ಎಚ್‌ಎಲ್ ತಂಡ ಮರಳಿ ಬಂದಾಗ ಗುರಿಯಾಗಿಟ್ಟುಕೊಂಡಿದ್ದ 13 ಸಾವಿರ ಸೀಸನ್ ಟಿಕೆಟ್‌ಗಳು ಸಾರ್ವಜನಿಕರಿಗೆ ಮಾರಾಟ ತೆರೆದ 17 ನಿಮಿಷಗಳಲ್ಲಿ ಮುಗಿದುಹೋದವು. ಆ ತಂಡ ಬಂದದ್ದು ಅಟ್ಲಾಂಟಾದಿಂದ. ಚಳಿಗಾಲ ಸೌಮ್ಯವಾಗಿರುವ, ಹಿಮ ಅಪರೂಪವಾಗಿರುವ ಅಟ್ಲಾಂಟಾ ಎರಡು ಸಲ ತನ್ನ ತಂಡವನ್ನು ಕೆನಡಾದ ಚಳಿಯ ಊರುಗಳಿಗೆ ಬಿಟ್ಟುಕೊಟ್ಟಿದೆ: 1980ರಲ್ಲಿ ಕ್ಯಾಲ್ಗರಿಗೆ, 2011ರಲ್ಲಿ ವಿನಿಪೆಗ್‌ಗೆ. ನ್ಯೂಜೆರ್ಸಿಯ ಹಿಮದಲ್ಲಿ ಆಡಿದ ಫ್ಲೇಮ್ಸ್ ಕೂಡ ಮೂಲತಃ ಅಟ್ಲಾಂಟಾದ ತಂಡವೇ.

ಇಷ್ಟಕ್ಕೇ ಚಳಿಯ ಊರೇ ಹಾಕಿಯ ಊರು ಎಂದು ತೀರ್ಮಾನಿಸುವಂತಿಲ್ಲ. ಅದೇ ವಿನಿಪೆಗ್‌ನಲ್ಲಿ 2024ರ ಹೊತ್ತಿಗೆ ಸೀಸನ್ ಟಿಕೆಟ್‌ಗಳು ಸುಮಾರು 9,500ಕ್ಕೆ ಇಳಿದಿದ್ದವು. ತಂಡದ ಮಾಲೀಕರು ಬಹಿರಂಗವಾಗಿಯೇ ಆತಂಕ ತೋಡಿಕೊಂಡರು. ನಡುವೆ ಬದಲಾದದ್ದು ಕೋವಿಡ್ ನಂತರದ ಜನರ ಅಭ್ಯಾಸ, ಟಿಕೆಟ್ ದರ, ಕೈಯಲ್ಲಿರುವ ಹಣ. ಚಳಿಗಾಲ ಹಿಂದಿನದೇ. 17 ನಿಮಿಷದಲ್ಲಿ ಟಿಕೆಟ್ ಮುಗಿಸಿದ ಊರೂ ಅದೇ, ಕುರ್ಚಿ ಖಾಲಿ ಬಿಟ್ಟ ಊರೂ ಅದೇ. ಫ್ಲಾರಿಡಾದ ಸನ್‌ರೈಸ್‌ನಲ್ಲಿ ವರ್ಷಗಟ್ಟಲೆ ಮೇಲಿನ ಸಾಲುಗಳು ಬರಿದಾಗಿದ್ದವು; ಪ್ಯಾಂಥರ್ಸ್ ತಂಡ ಗೆಲ್ಲತೊಡಗಿದ ಮೇಲೆ ತುಂಬಿದವು. ಅಲ್ಲಿ ಹಿಮದ ಮಾತೇ ಇಲ್ಲ.

ಚಳಿಯನ್ನು ಬಿಟ್ಟು ಹಿಮಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. ಇದನ್ನು ವಾಷಿಂಗ್ಟನ್ ನಗರದ ಎರಡು ಬಿರುಗಾಳಿಗಳಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ. 2010ರ ಫೆಬ್ರುವರಿ ಮೊದಲ ವಾರದ ಕೊನೆಗೆ ಆ ಪ್ರದೇಶ ಹಿಮದಲ್ಲಿ ಹೂತುಹೋಯಿತು. ಊರಾಚೆಯ ಡಲ್ಲಸ್ ವಿಮಾನ ನಿಲ್ದಾಣದಲ್ಲಿ 32 ಇಂಚು ದಾಖಲಾಯಿತು. 7ನೇ ತಾರೀಖು, ಭಾನುವಾರ ಮಧ್ಯಾಹ್ನ ಆ ನಗರದ ಕ್ಯಾಪಿಟಲ್ಸ್ ತಂಡಕ್ಕೆ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ವಿರುದ್ಧ ಪಂದ್ಯವಿತ್ತು. ವಿಮಾನಗಳಿಲ್ಲದೆ ಪೆಂಗ್ವಿನ್ಸ್ ಆಟಗಾರರು ಕೊನೆಯ ಹಾದಿಯನ್ನು ಬಸ್ಸಿನಲ್ಲೇ ಸವೆಸಬೇಕಾಯಿತು. ನಗರದ ಮೆಟ್ರೋದಲ್ಲಿ ನೆಲದ ಮೇಲಿನ ಹಳಿಗಳು ಮುಚ್ಚಿದ್ದವು, ಸುರಂಗದ ಹಳಿಗಳಲ್ಲಿ ರೈಲು ಓಡುತ್ತಿತ್ತು. ಕ್ಯಾಪಿಟಲ್ಸ್ ಆಡುವ ಕಟ್ಟಡ ಇರುವುದು ಗ್ಯಾಲರಿ ಪ್ಲೇಸ್ ಸುರಂಗ ನಿಲ್ದಾಣದ ನೆತ್ತಿಯ ಮೇಲೆ. ರಸ್ತೆಗಳು ಸತ್ತುಹೋಗಿದ್ದರೂ ಜನ ಬಂದರು. ಕ್ಯಾಪಿಟಲ್ಸ್ ಆಟಗಾರ ಒವೆಚ್ಕಿನ್ ಮೂರು ಗೋಲು ಹೊಡೆದು, 1–4ರಿಂದ ಹಿಂದಿದ್ದ ತಂಡ ಹೆಚ್ಚುವರಿ ಸಮಯದಲ್ಲಿ 5–4ರಿಂದ ಗೆದ್ದ ಪಂದ್ಯವನ್ನು ಕೂಗಿ ಕುಣಿದು ನೋಡಿದರು.

ಆರು ವರ್ಷ ಕಳೆದು, 2016ರ ಜನವರಿ ಕೊನೆಯಲ್ಲಿ ಅಷ್ಟೇ ದೊಡ್ಡ ಇನ್ನೊಂದು ಬಿರುಗಾಳಿ ಬಂತು. ಈ ಸಲ ಮೆಟ್ರೋ ಆಡಳಿತ ಸುರಂಗವೂ ಸೇರಿದಂತೆ ಇಡೀ ವಾರಾಂತ್ಯ ಸೇವೆಯನ್ನೇ ನಿಲ್ಲಿಸುವುದಾಗಿ ಮೊದಲೇ ಸಾರಿತು. ಶುಕ್ರವಾರದ ಅನಾಹೈಮ್ ಡಕ್ಸ್ ಪಂದ್ಯ ಮುಂದೂಡಲ್ಪಟ್ಟಿತು, ಭಾನುವಾರದ ಪೆಂಗ್ವಿನ್ಸ್ ಪಂದ್ಯವೂ ಅದೇ ದಾರಿ ಹಿಡಿಯಿತು. ಊರು ಅದೇ, ಕಟ್ಟಡ ಅದೇ, ಅಭಿಮಾನಿಗಳ ಹುಚ್ಚು ಅದೇ. ವ್ಯತ್ಯಾಸ ಇದ್ದದ್ದು ನೆಲದಡಿ ರೈಲು ಓಡಿತೋ ಇಲ್ಲವೋ ಎಂಬುದರಲ್ಲಿ.

ಬಫಲೋ ನಗರದ ಹಿಮಕ್ಕೆ ಬೇರೆಯೇ ಗುಣವಿದೆ. ಚಳಿಗಾಲದ ಆರಂಭದಲ್ಲಿ ಇನ್ನೂ ಹೆಪ್ಪುಗಟ್ಟದ ಈರಿ ಸರೋವರದ ಮೇಲಿಂದ ಕೊರೆಯುವ ಗಾಳಿ ಬೀಸಿದಾಗ ಅದು ನೀರಿನ ಆವಿಯನ್ನು ಹೀರಿಕೊಂಡು ದಡ ಸೇರಿದ ಕೂಡಲೇ ಹಿಮವಾಗಿ ಸುರಿಸುತ್ತದೆ. ಸುರಿಯುವುದು ಕೆಲವೇ ಮೈಲಿ ಅಗಲದ ಪಟ್ಟಿಯಲ್ಲಿ. 2014ರ ನವೆಂಬರಿನಲ್ಲಿ ಬಫಲೋದ ದಕ್ಷಿಣದ ಬಡಾವಣೆಗಳಲ್ಲಿ ಆಳೆತ್ತರ ಹಿಮ ಬಿದ್ದು ಮನೆಯ ಬಾಗಿಲು ತೆರೆದರೆ ಎದುರಿಗೆ ಬಿಳಿ ಗೋಡೆಯೇ ನಿಂತಿರುತ್ತಿತ್ತು. ಕೆಲವೇ ಮೈಲಿ ಆಚೆ ನಗರದ ಉತ್ತರ ಭಾಗದಲ್ಲಿ ಹೇಳಿಕೊಳ್ಳುವಷ್ಟು ಹಿಮವೇ ಇರಲಿಲ್ಲ. ಬಫಲೋ ಸೇಬರ್ಸ್ ಆಡುವ ಕ್ರೀಡಾಂಗಣ ಇರುವುದು ನಗರದ ಮಧ್ಯೆ, ನೀರಿನ ದಡದಲ್ಲಿ. ಕಟ್ಟಡ ಸುರಕ್ಷಿತವಾಗಿದ್ದರೂ ನ್ಯೂಯಾರ್ಕ್ ರೇಂಜರ್ಸ್ ವಿರುದ್ಧದ ಪಂದ್ಯವನ್ನು ಮುಂದೂಡಬೇಕಾಯಿತು. ನೋಡಬೇಕಾದವರಲ್ಲಿ ಎಷ್ಟೋ ಜನ ಮನೆಯಿಂದ ಹೊರಬರುವ ಸ್ಥಿತಿಯಲ್ಲಿರಲಿಲ್ಲ, ಪೊಲೀಸರೂ ಆಂಬುಲೆನ್ಸ್‌ಗಳೂ ಬೇರೆಡೆ ಬೇಕಾಗಿದ್ದವು. ‘ಇವತ್ತು ಬಫಲೋದಲ್ಲಿ ಎಷ್ಟು ಹಿಮ ಬಿತ್ತು’ ಎಂದು ಒಂದೇ ಹವಾಮಾನ ಕೇಂದ್ರದ ಅಂಕಿ ಹಿಡಿದು ಹಾಜರಿಯ ಜೊತೆ ಹೊಂದಿಸಲು ಹೋದರೆ ಎಷ್ಟು ದಾರಿ ತಪ್ಪಬಹುದೆಂದು ಈ ಒಂದು ವಾರವೇ ಹೇಳುತ್ತದೆ.

2022ರ ಕ್ರಿಸ್‌ಮಸ್ ಹೊತ್ತಿಗೆ ಅದೇ ಊರಿಗೆ ಬಂದ ಬಿರುಗಾಳಿ 40ಕ್ಕೂ ಹೆಚ್ಚು ಜೀವ ತೆಗೆದುಕೊಂಡಿತು. ಡಿಸೆಂಬರ್ 23ರ ಟ್ಯಾಂಪಾ ಬೇ ಪಂದ್ಯವನ್ನು ಮೊದಲೇ ಮುಂದೂಡಿದ್ದರಿಂದ ಎಷ್ಟು ಸಾವು ತಪ್ಪಿತೋ ಲೆಕ್ಕ ಹಾಕುವವರಿಲ್ಲ. ಹಬ್ಬದ ನಂತರ ಓಹಾಯೋದ ಕೊಲಂಬಸ್‌ನಲ್ಲಿದ್ದ ಪಂದ್ಯಕ್ಕೂ ಸೇಬರ್ಸ್ ಊರು ಬಿಟ್ಟು ಹೊರಡಲಾಗಲಿಲ್ಲ. ಅಲ್ಲಿ ನೋಡುಗರು ತಯಾರಿದ್ದರು, ಆಡುವವರು ಬರಲಿಲ್ಲ.

ದಕ್ಷಿಣದ ರಾಜ್ಯಗಳಲ್ಲಿ ಪಂದ್ಯ ನಿಲ್ಲಲು ಹಿಮ ಇಷ್ಟು ಬೀಳಬೇಕಾಗಿಯೇ ಇಲ್ಲ. ಉತ್ತರದಲ್ಲಿ, ಕೆನಡಾದ ಕ್ವೆಬೆಕ್ ಪ್ರಾಂತದಲ್ಲಿ ಡಿಸೆಂಬರಿನಿಂದ ಮಾರ್ಚ್ ಮಧ್ಯದವರೆಗೆ ಕಾರುಗಳಿಗೆ ಚಳಿಗಾಲದ ಟಯರ್ ಕಡ್ಡಾಯ. ರಾತ್ರಿಯೆಲ್ಲ ಹಿಮ ತೆಗೆಯುವ ಯಂತ್ರಗಳು ಓಡಾಡುತ್ತಿರುತ್ತವೆ. ಟೆಕ್ಸಸ್‌ನಲ್ಲಿ ಇವೆರಡೂ ಅಪರೂಪ. 2021ರ ಫೆಬ್ರುವರಿಯ ಶೀತದಲೆಯಲ್ಲಿ ಲಕ್ಷಾಂತರ ಮನೆಗಳ ವಿದ್ಯುತ್ ಹೋದಾಗ ಡಲ್ಲಾಸ್ ಸ್ಟಾರ್ಸ್ ತಂಡದ ಪಂದ್ಯಗಳನ್ನು ಒಂದರ ಹಿಂದೊಂದು ಮುಂದೂಡಲಾಯಿತು. ಮನೆಗಳು ಹೆಪ್ಪುಗಟ್ಟುತ್ತಿರುವಾಗ ಮಂಜುಗಡ್ಡೆಯ ಅಂಕಣಕ್ಕೂ ದೀಪಗಳಿಗೂ ಕರೆಂಟು ಸುಡುವುದು ಸಲ್ಲದು ಎಂದು ನಗರದ ಮೇಯರ್ ಕೇಳಿಕೊಂಡಿದ್ದರು. ಸರಿಯಾದ ನಿರ್ಧಾರ.

ಕಟ್ಟಡ ಎಲ್ಲಿದೆ ಎಂಬುದರ ಮೇಲೆ ಎಷ್ಟೊಂದು ನಿಂತಿದೆ ಎಂದು ಗೊತ್ತಾಗಬೇಕಾದರೆ ಮಾಂಟ್ರಿಯಲ್‌ಗೆ ಹೋಗಬೇಕು. ಅಲ್ಲಿನ ಬೆಲ್ ಸೆಂಟರ್ ಮೆಟ್ರೋ ನಿಲ್ದಾಣಗಳಿಗೂ ಊರಿನ ನೆಲದಡಿಯ ಹಾದಿಗಳ ಜಾಲಕ್ಕೂ ಕೂಡಿಕೊಂಡಿದೆ. ಕಚೇರಿ ಮುಗಿಸಿದವನು ಕೋಟಿನ ಗುಂಡಿ ಹಾಕದೆಯೇ ತನ್ನ ಸೀಟಿಗೆ ಹೋಗಿ ಕೂರಬಹುದು. ಟೊರಾಂಟೊದ ಸ್ಕೋಶಿಯಾಬ್ಯಾಂಕ್ ಅರೀನಾ ಯೂನಿಯನ್ ರೈಲು ನಿಲ್ದಾಣದ ಮಗ್ಗುಲಲ್ಲಿದೆ, ಅಲ್ಲಿಂದಲೂ ನೆಲದಡಿ ದಾರಿ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಪೆನ್ ಸ್ಟೇಷನ್ನಿನ ಮೇಲೆ, ಬೋಸ್ಟನ್ನಿನ ಟಿಡಿ ಗಾರ್ಡನ್ ನಾರ್ತ್ ಸ್ಟೇಷನ್ನಿನ ಮೇಲೆ ಕೂತಿವೆ. ಮಿನ್ನೆಸೋಟಾದ ಸೇಂಟ್ ಪಾಲ್‌ನಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ರಸ್ತೆಯ ಮೇಲೆ ಗಾಜಿನ ಸೇತುವೆಗಳಿವೆ. ಅರೀನಾ ಕೂಡ ಆ ಸರಣಿಗೆ ಸೇರಿದೆ. ಚಳಿಯನ್ನು ಗೌರವಿಸಿ ಕಟ್ಟಿದ ಊರುಗಳಿವು.

ಇದಕ್ಕೆ ವಿರುದ್ಧವಾಗಿ ನ್ಯೂಜೆರ್ಸಿಯ ಆ ಹಳೆಯ ಅರೀನಾ ಜೌಗುಭೂಮಿಯ ನಡುವೆ, ಹೆದ್ದಾರಿಗಳ ಕೂಡಿನಲ್ಲಿ, ಪಾರ್ಕಿಂಗ್ ಬಯಲಿನ ಮಧ್ಯೆ ಒಂಟಿಯಾಗಿ ನಿಂತಿತ್ತು. 1987ರಲ್ಲಿ ಅಲ್ಲಿಗೆ ರೈಲು ಇರಲಿಲ್ಲ. ರೈಲು ಬಂದದ್ದು 2009ರಲ್ಲಿ, ಡೆವಿಲ್ಸ್ ತಂಡ ಆ ಜಾಗವನ್ನೇ ಬಿಟ್ಟು ನ್ಯೂಆರ್ಕ್ ನಗರಕ್ಕೆ ಹೋದ ಎರಡು ವರ್ಷಗಳ ನಂತರ. ನ್ಯೂಆರ್ಕಿನಲ್ಲಿ ರೈಲಿಳಿದು ನಡೆದೇ ಪಂದ್ಯಕ್ಕೆ ಹೋಗಬಹುದು. ಒಟ್ಟಾವಾ ಸೆನೆಟರ್ಸ್ 1996ರಿಂದ ಆಡುತ್ತಿರುವುದು ನಗರದ ಮಧ್ಯದಿಂದ ಇಪ್ಪತ್ತು ಕಿಲೋಮೀಟರಿಗೂ ಆಚೆ, ಕನಾಟಾ ಎಂಬ ಹೊರವಲಯದಲ್ಲಿ. ವಾರದ ನಡುವಿನ ಸಂಜೆ, ಹಿಮ ಬೀಳುತ್ತಿರುವಾಗ, ಒಂದೇ ಹೆದ್ದಾರಿಯಲ್ಲಿ ಕಚೇರಿಯಿಂದ ಮನೆಗೆ ಹೋಗುವವರೂ ಪಂದ್ಯಕ್ಕೆ ಹೋಗುವವರೂ ಒಟ್ಟಿಗೆ ತೆವಳಬೇಕು. ಅಲ್ಲಿನ ಖಾಲಿ ಕುರ್ಚಿಗಳ ಬಗ್ಗೆ ದಶಕಗಳಿಂದ ವಾದ ನಡೆದಿದೆ. 2024ರಲ್ಲಿ ನಗರದ ಮಧ್ಯದ ಲೆಬ್ರೆಟನ್ ಫ್ಲ್ಯಾಟ್ಸ್‌ನಲ್ಲಿ ಜಾಗ ಪಡೆಯಲು ತಂಡ ಸರ್ಕಾರಿ ಸಂಸ್ಥೆಯೊಂದಿಗೆ ಒಪ್ಪಂದಕ್ಕೆ ಬಂತು.

ಟಿಕೆಟ್ ಕೊಂಡವರ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1980ರಲ್ಲೇ ಒಂದು ಉದಾಹರಣೆಯಲ್ಲಿ ಹಿಡಿದಿಟ್ಟರು. ಒಂದು ಕುಟುಂಬ 60 ಮೈಲಿ ದೂರದ ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ 40 ಡಾಲರ್ ಕೊಟ್ಟು ಟಿಕೆಟ್ ಕೊಂಡಿದೆ. ಆ ದಿನ ಹಿಮಬಿರುಗಾಳಿ. ಅವರು ಹೊರಡುತ್ತಾರೆ. ಟಿಕೆಟ್ ಪುಕ್ಕಟೆ ಸಿಕ್ಕಿದ್ದರೆ ಮನೆಯಲ್ಲೇ ಇರುತ್ತಿದ್ದೆವು ಎಂದೂ ಅಂದುಕೊಳ್ಳುತ್ತಾರೆ. ಕೊಟ್ಟ ಹಣ ಹೇಗೂ ಮರಳುವುದಿಲ್ಲ, ರಸ್ತೆಯ ಅಪಾಯ ಎರಡು ಸಂದರ್ಭದಲ್ಲೂ ಒಂದೇ. ಆದರೂ ತೀರ್ಮಾನ ಬೇರೆ. ಥೇಲರ್‌ಗೆ ಮುಂದೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಹಾಕಿಗೆ ಇದನ್ನು ಅನ್ವಯಿಸಿದರೆ ಕಂಪನಿಗಳು ಹಂಚುವ ಉಚಿತ ಟಿಕೆಟ್‌ಗಳ ಕುರ್ಚಿ ಮೊದಲು ಖಾಲಿಯಾಗಬೇಕು, ಸ್ವಂತ ದುಡ್ಡು ಹಾಕಿದವನದು ಕೊನೆಗೆ. ಕೆಳಹಂತದ ಲೀಗುಗಳಲ್ಲಿ ಆ ಸಂಜೆಯೇ ಕೌಂಟರಿಗೆ ಬಂದು ಟಿಕೆಟ್ ಕೊಳ್ಳುವವರು ಹೆಚ್ಚು. ಅವರಿಗೆ ಕಳೆದುಕೊಳ್ಳಲು ಏನೂ ಇಲ್ಲ, ಹಿಮ ಕಂಡರೆ ಬರುವುದಿಲ್ಲ. ಚಳಿಗಾಲದ ನಿಜವಾದ ಪೆಟ್ಟು ಬೀಳುವುದು ಈ ಸಣ್ಣ ಊರುಗಳ ಬಡ ಕ್ಲಬ್ಬುಗಳಿಗೆ. ದೊಡ್ಡ ಲೀಗಿನ ಬಗ್ಗೆ ಇಷ್ಟೆಲ್ಲ ಬರೆಯುವ ನಾವು ಅವುಗಳನ್ನು ಮರೆಯುತ್ತೇವೆ.

ಚಳಿಗಾಲ ಜನರನ್ನು ಕಳೆಯುವಂತೆ ಕೂಡಿಸುವುದೂ ಇದೆ. ಕೆನಡಾದ ನಿವೃತ್ತರು ಸಾವಿರಗಟ್ಟಲೆ ಡಿಸೆಂಬರಿನಲ್ಲಿ ಫ್ಲಾರಿಡಾ, ಅರಿಝೋನಾಗಳಿಗೆ ಹೋಗಿ ವಸಂತದಲ್ಲಿ ಮರಳುತ್ತಾರೆ. ಮಾಂಟ್ರಿಯಲ್ ಅಥವಾ ಟೊರಾಂಟೊ ತಂಡ ಫ್ಲಾರಿಡಾಕ್ಕೆ ಬಂದ ರಾತ್ರಿ ಗ್ಯಾಲರಿಯಲ್ಲಿ ತವರಿನ ಜೆರ್ಸಿಗಿಂತ ಅತಿಥಿಗಳ ಜೆರ್ಸಿಯೇ ಎದ್ದು ಕಾಣುವುದುಂಟು. ಉತ್ತರದ ಚಳಿ ಹೀಗೆ ದಕ್ಷಿಣದ ಗಲ್ಲಾಪೆಟ್ಟಿಗೆ ತುಂಬಿಸುತ್ತದೆ.

ಬಯಲಿನಲ್ಲಿ ಆಡಿಸುವ ವಿಶೇಷ ಪಂದ್ಯಗಳಲ್ಲಂತೂ ಚಳಿಯೇ ಆಕರ್ಷಣೆ. 2003ರ ನವೆಂಬರ್ 22ರಂದು ಎಡ್ಮಂಟನ್ನಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ 57,167 ಜನ ಕೂತು ನೋಡಿದರು. ಮಾಂಟ್ರಿಯಲ್‌ನ ಗೋಲಿ ಜೋಸೆ ಥಿಯೊಡೋರ್ ಹೆಲ್ಮೆಟ್ಟಿನ ಮೇಲೆ ಉಣ್ಣೆಯ ಟೋಪಿ ಹಾಕಿಕೊಂಡು ನಿಂತಿದ್ದರು. 2014ರ ಹೊಸ ವರ್ಷದ ದಿನ ಮಿಶಿಗನ್ ವಿಶ್ವವಿದ್ಯಾಲಯದ ಮೈದಾನದಲ್ಲಿ ಸುರಿಯುವ ಹಿಮದಡಿ ಡೆಟ್ರಾಯಿಟ್ ಮತ್ತು ಟೊರಾಂಟೊ ಆಡಿದಾಗ 1,05,491 ಜನರ ಹಾಜರಿ ಘೋಷಣೆಯಾಯಿತು. 2022ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಮೈನಸ್ 21ರಲ್ಲಿ 38 ಸಾವಿರಕ್ಕೂ ಮಿಕ್ಕಿ ಜನ; ಅತಿಯಾಗಿ ಗಟ್ಟಿಯಾಗದಂತೆ ಮಂಜುಗಡ್ಡೆಯನ್ನೇ ಬೆಚ್ಚಗಿಡಬೇಕಾಯಿತು. ಈ ಪಂದ್ಯಗಳಿಗೆ ತೊಂದರೆ ಕೊಟ್ಟದ್ದು ಮಳೆ ಮತ್ತು ಬಿಸಿಲು. 2011ರಲ್ಲಿ ಪಿಟ್ಸ್‌ಬರ್ಗಿನ ಮಧ್ಯಾಹ್ನದ ಪಂದ್ಯ ಮಳೆಯಿಂದ ರಾತ್ರಿಗೆ ಹೋಯಿತು. 2021ರಲ್ಲಿ ಟಾಹೋ ಸರೋವರದ ದಡದಲ್ಲಿ ಬಿಸಿಲಿಗೆ ಅಂಕಣ ಕರಗಿ ಆಟ ಎಂಟು ಗಂಟೆ ನಿಂತಿತು. ಆದರೆ ವರ್ಷಕ್ಕೊಮ್ಮೆ ಬರುವ ಜಾತ್ರೆಯನ್ನು ಮುಂದಿಟ್ಟುಕೊಂಡು ಮಂಗಳವಾರ ರಾತ್ರಿಯ ಸಾಧಾರಣ ಪಂದ್ಯದ ಬಗ್ಗೆ ತೀರ್ಪು ಕೊಡಬಾರದು.

ಹಾಜರಿ ಎಂದಾಗ ನಾವು ಹೋಗುವುದನ್ನಷ್ಟೇ ಲೆಕ್ಕಿಸುತ್ತೇವೆ, ಮರಳುವುದನ್ನು ಲೆಕ್ಕಿಸುವುದಿಲ್ಲ. 1978ರ ಫೆಬ್ರುವರಿ 6ರಂದು ಬೋಸ್ಟನ್ ಗಾರ್ಡನ್‌ನಲ್ಲಿ ನಡೆದದ್ದು ಕಾಲೇಜು ಪಂದ್ಯಾವಳಿ, ವೃತ್ತಿಪರರದ್ದಲ್ಲ. ಆದರೂ ಅದರಿಂದ ಕಲಿಯುವುದಿದೆ. ಹಿಮ ಶುರುವಾಗಿದ್ದರೂ ಬೀನ್‌ಪಾಟ್ ಟ್ರೋಫಿಗೆ 11 ಸಾವಿರಕ್ಕೂ ಹೆಚ್ಚು ಜನ ಬಂದರು. ಪಂದ್ಯ ಮುಗಿಯುವಷ್ಟರಲ್ಲಿ ಊರು ಮುಚ್ಚಿಹೋಗಿತ್ತು. ನೂರಾರು ಜನ ಆ ಕಟ್ಟಡದಲ್ಲೇ ಮಲಗಿದರು. ಹೊರಟವರಿಗೂ ಸುಖವಿರಲಿಲ್ಲ: ಬೋಸ್ಟನ್ ಸುತ್ತಲಿನ 128ನೇ ಹೆದ್ದಾರಿಯಲ್ಲಿ ಸುಮಾರು 3 ಸಾವಿರ ಕಾರುಗಳು ಹೂತುಹೋಗಿದ್ದವು. ಪುಸ್ತಕದ ಲೆಕ್ಕದಲ್ಲಿ ಅದು ಒಳ್ಳೆಯ ಹಾಜರಿ.

ಪಂದ್ಯ ನಡೆಸಬೇಕೇ ಬೇಡವೇ ಎಂದು ತೀರ್ಮಾನಿಸುವಾಗ ಎರಡು ತಂಡಗಳೂ ರೆಫರಿಗಳೂ ಬಂದು ಮುಟ್ಟಿದರೇ ಎಂಬುದಕ್ಕೇ ಬಹುಕಾಲ ತೂಕ ಹೆಚ್ಚಿತ್ತು. ಟಿಕೆಟ್ ಪರೀಕ್ಷಿಸುವ, ಪಾಪ್‌ಕಾರ್ನ್ ಮಾರುವ, ಕಸ ಗುಡಿಸುವ ಗಂಟೆ ಕೂಲಿಯ ನೂರಾರು ಕೆಲಸಗಾರರು ಪಂದ್ಯ ಮುಗಿದ ಮೇಲೂ ಒಂದೆರಡು ಗಂಟೆ ಅಲ್ಲೇ ಇರಬೇಕು. ಅವರಿಗೆ ರಾತ್ರಿ ಮನೆಗೆ ಹೋಗುವ ಬಸ್ಸು ಇದೆಯೇ ಎಂದು ಮೊದಲು ಕೇಳಬೇಕು. ಪಂದ್ಯ ಮುಂದೂಡಿದರೆ ಅದೇ ಟಿಕೆಟ್ ಹೊಸ ದಿನಕ್ಕೆ ನಡೆಯುತ್ತದೆ. ಪಂದ್ಯ ನಡೆದೇ ಹೋಗಿ, ಪ್ರೇಕ್ಷಕ ಮಾತ್ರ ಬರಲಾಗದಿದ್ದರೆ ಸಾಮಾನ್ಯವಾಗಿ ಅವನ ಹಣ ಹೋಯಿತೆಂದೇ ಲೆಕ್ಕ. ಸರ್ಕಾರವೇ ಮನೆಯಿಂದ ಹೊರಬೀಳಬೇಡಿ ಎಂದ ದಿನ ಬಾರದವನಿಗೆ ಇನ್ನೊಂದು ಪಂದ್ಯದ ಸೀಟು ಕೊಡುವುದು ಕ್ಲಬ್ಬುಗಳಿಗೆ ದೊಡ್ಡ ಹೊರೆಯಲ್ಲ. ಇವತ್ತು ಟಿಕೆಟ್ ಇರುವುದು ಫೋನಿನಲ್ಲಿ, ಗೇಟಿನಲ್ಲಿ ಪ್ರತಿಯೊಂದೂ ಸ್ಕ್ಯಾನ್ ಆಗುತ್ತದೆ. ಯಾವ ಕುರ್ಚಿಗೆ ಯಾರು ಬಂದರು, ಯಾರು ಬರಲಿಲ್ಲ, ಎಷ್ಟು ಗಂಟೆಗೆ ಬಂದರು ಎಂಬುದು ಆ ರಾತ್ರಿಯೇ ಕ್ಲಬ್ಬಿನ ಕಂಪ್ಯೂಟರಿನಲ್ಲಿರುತ್ತದೆ. ಮಾರಾಟದ ಅಂಕಿಯ ಪಕ್ಕದಲ್ಲಿ ಆ ಅಂಕಿಯನ್ನೂ ಲೀಗ್ ಪ್ರಕಟಿಸಲಿ. ಹೊಸ ಅರೀನಾಕ್ಕೆ ಸಾರ್ವಜನಿಕರ ಹಣ ಕೇಳಲು ಬರುವ ಪ್ರತಿ ಮಾಲೀಕನ ಮುಂದೆ ನಗರಸಭೆಗಳು ಇಡಬೇಕಾದ ಮೊದಲ ಷರತ್ತು ಅದೇ ಆಗಲಿ.